ಎಂಜಿನ್ ಲೈಟ್ ಹತ್ತಿದ ಕೂಡಲೇ ಸೆನ್ಸರ್ ಬದಲಿಸಬೇಡಿ: ಹಳೆ ಕಾರಿನ ಸೆನ್ಸರ್ ಪರೀಕ್ಷಿಸುವ ಬಗೆ

ರೈತರ ಮನೆಯ ಹಳೆ ಕಾರು ಬರೀ ಮದುವೆ, ಜಾತ್ರೆಗೆ ಓಡಾಡೋ ಗಾಡಿ ಅಲ್ಲ. ಸಿರುಗುಪ್ಪ ಕಡೆ ಹಿಂದಿನ ಸೀಟು ಮಡಚಿ ಬಿತ್ತನೆ ಬೀಜದ ಚೀಲ, ಔಷಧಿ ಡಬ್ಬಿ, ಪಂಪಿನ ಮೋಟರು ಎಲ್ಲಾ ಅದರಲ್ಲೇ ತರುತ್ತಾರೆ. ಕುರುಗೋಡು ಕಡೆಯವರ ಮೆಣಸಿನಕಾಯಿ ಲೋಡು ಬ್ಯಾಡಗಿಗೆ ಹೊರಟರೆ ಹಿಂದೆಯೇ ಮನೆಯವರು ಕಾರಿನಲ್ಲಿ ಹೊರಡುತ್ತಾರೆ. ಸುಮಾರು ಇನ್ನೂರು ಕಿಲೋಮೀಟರ್ ದಾರಿ. ಟೆಂಡರ್ ಹೊತ್ತಿಗೆ ಮಾರುಕಟ್ಟೆಯಲ್ಲಿ ಇರಬೇಕು. ಅಂಥ ದಿನಾನೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ಲೈಟ್ ಹತ್ತಿಕೊಂಡರೆ ಏನು ಮಾಡೋದು?

ಸಾಮಾನ್ಯವಾಗಿ ನಡೆಯೋದು ಇಷ್ಟು. ಗ್ಯಾರೇಜಿಗೆ ಒಯ್ಯುತ್ತೇವೆ, ಹುಡುಗ ಸ್ಕ್ಯಾನರ್ ಹಚ್ಚುತ್ತಾನೆ, "ಅಣ್ಣಾ, ಸೆನ್ಸರ್ ಹೋಗೈತೆ, ಹೊಸದು ಹಾಕ್ಬೇಕು" ಅಂತಾನೆ. ಹಾಕಿಸುತ್ತೇವೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಲೈಟ್. ಈಗ ಇನ್ನೊಂದು ಸೆನ್ಸರಿನ ಹೆಸರು ಹೇಳ್ತಾರೆ. ಹೀಗೆ ಮೂರು ಸೆನ್ಸರ್ ಬದಲಾದ ಮೇಲೆ ಕೊನೆಗೆ ಸಿಗೋದು ಇಲಿ ಕಡಿದ ಒಂದು ವೈರು. ಹಾಳಾದ ದುಡ್ಡಿನಲ್ಲಿ ಒಂದು ಸ್ಪ್ರೇಗೆ ಬೇಕಾದ ಔಷಧಿ ಬರುತ್ತಿತ್ತು.

ಇದರಲ್ಲಿ ಮೆಕ್ಯಾನಿಕ್‌ನ ಮೋಸ ಇರಲೇಬೇಕು ಅಂತೇನಿಲ್ಲ. ಸ್ಕ್ಯಾನರ್ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವಲ್ಲೇ ತಪ್ಪಾಗುತ್ತೆ. ಸ್ಕ್ಯಾನರ್ ಯಾವತ್ತೂ "ಈ ಸೆನ್ಸರ್ ಕೆಟ್ಟಿದೆ" ಅಂತ ಹೇಳಲ್ಲ. "ಈ ಸೆನ್ಸರಿನ ಕಡೆಯಿಂದ ಬರೋ ಮಾತು ಸರಿಯಾಗಿ ಬರುತ್ತಿಲ್ಲ" ಅಂತ ಮಾತ್ರ ಹೇಳುತ್ತೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ನಮ್ಮ ಕಾಲುವೆಯ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ತೂಬಿನ ಹತ್ತಿರ ನಿಂತು ಎಷ್ಟು ನೀರು ಬರುತ್ತಿದೆ ಅಂತ ಮೇಲಿನವರಿಗೆ ಫೋನ್ ಮಾಡ್ತಾನೆ, ಅದನ್ನು ಕೇಳಿ ಅವರು ಗೇಟು ಎತ್ತುತ್ತಾರೆ, ಇಳಿಸುತ್ತಾರೆ. ಒಂದು ದಿನ ಅವನಿಂದ ಸುದ್ದಿ ಬರಲಿಲ್ಲ ಅಂದ್ರೆ ಅವನು ಬಂದಿಲ್ಲದೇ ಇರಬಹುದು, ಫೋನ್ ಸಿಗ್ನಲ್ ಇಲ್ಲದೇ ಇರಬಹುದು, ಚಾರ್ಜ್ ಇಲ್ಲದೇ ಇರಬಹುದು. ಕಾಲುವೆಯಲ್ಲೇ ನೀರು ಕಮ್ಮಿಯಾಗಿ, ಅವನು ಹೇಳಿದ್ದು ನಿಜಾನೇ ಇರಬಹುದು. ಕಾರಿನಲ್ಲಿ ಸೆನ್ಸರ್ ಅಂದರೆ ಆ ನೀರುಗಂಟಿ. ಇ.ಸಿ.ಯು. ಅನ್ನೋ ಕಂಪ್ಯೂಟರ್ ಡಬ್ಬಿ ಅಂದರೆ ಮೇಲೆ ಕೂತವರು. ಸುದ್ದಿ ಬರಲಿಲ್ಲ ಅಂತ ಮೊದಲನೇ ದಿನವೇ ನೀರುಗಂಟಿಯನ್ನು ಬದಲಾಯಿಸಿದರೆ ಹೆಂಗೆ?

ನಿಮ್ಮ ಗಾಡಿ ಯಾವ ಕಾಲದ್ದು ನೋಡಿಕೊಳ್ಳಿ

ಕಾರ್ಬುರೇಟರ್ ಇರೋ ತೀರಾ ಹಳೆ ಪೆಟ್ರೋಲ್ ಗಾಡಿಗೂ, ಮೆಕ್ಯಾನಿಕಲ್ ಪಂಪ್ ಇರೋ ಹಳೆ ಡೀಸೆಲ್ ಜೀಪಿಗೂ ಈ ಲೇಖನ ಬೇಕಿಲ್ಲ. ಅವುಗಳಲ್ಲಿ ಎಂಜಿನ್ ನಡೆಸೋ ಸೆನ್ಸರ್‌ಗಳೇ ಇಲ್ಲ ಅನ್ನಬಹುದು. 2000ನೇ ಇಸವಿ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾದ ಮೇಲೆ ಮಾರುತಿ 800, ಆಮ್ನಿ, ಆಲ್ಟೊದಂಥ ಪೆಟ್ರೋಲ್ ಗಾಡಿಗಳು ಎಂ.ಪಿ.ಎಫ್.ಐ.ಗೆ ಬಂದವು. ಆಮೇಲೆ ಡೀಸೆಲ್‌ನಲ್ಲಿ ಕಾಮನ್ ರೈಲ್ ಬಂತು. ಸೆನ್ಸರ್ ರಗಳೆ ಶುರುವಾಗಿದ್ದು ಅಲ್ಲಿಂದ.

ಎಲ್ಲಾ ಕಂಪನಿ ಗಾಡಿಗೂ ಒಂದೇ ಥರದ ಕೋಡ್, ಒಂದೇ ಥರದ 16 ಪಿನ್ ಸಾಕೆಟ್ ಇರಬೇಕು ಅನ್ನೋ ಓ.ಬಿ.ಡಿ.-2 ಪದ್ಧತಿ ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿ.ಎಸ್.-4 ಗಾಡಿಗಳಿಗೆ ಬಂತು. ಆದರೆ ಬಿ.ಎಸ್.-4 ಇಡೀ ದೇಶಕ್ಕೆ ಕಡ್ಡಾಯ ಆಗಿದ್ದು 2017ರ ಏಪ್ರಿಲ್ 1ಕ್ಕೆ. ಹಂಗಾಗಿ 2014ರ ಗಾಡಿ ಅಂದ ಮಾತ್ರಕ್ಕೆ ಓ.ಬಿ.ಡಿ.-2 ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ, 16 ಪಿನ್ ಸಾಕೆಟ್ ಇದ್ದರೆ ಮೊಬೈಲಿಗೆ ಜೋಡಿಸೋ ಬ್ಲೂಟೂತ್ ಸ್ಕ್ಯಾನರ್ ಹಾಕಿ ಪ್ರಯತ್ನಿಸಬಹುದು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಊರಲ್ಲಿ ನಾಲ್ಕು ಮನೆಯವರು ಸೇರಿ ಒಂದು ತಂದಿಟ್ಟುಕೊಂಡರೂ ಸಾಕು. ಅದು ಓದದಿದ್ದರೆ ಆ ಕಂಪನಿಯ ಸ್ಕ್ಯಾನರ್ ಇರೋ ಗ್ಯಾರೇಜೇ ಬೇಕು. ಕೆಲವು ಹಳೆ ಮಾರುತಿ ಗಾಡಿಗಳಲ್ಲಿ ಎರಡು ಪಿನ್ ಜೋಡಿಸಿದರೆ ಲೈಟ್ ಮಿನುಗಿ ಕೋಡ್ ಹೇಳುತ್ತೆ. ಆದರೆ ಯಾವ ಪಿನ್ ಅಂತ ಖಾತ್ರಿ ಇಲ್ಲದೆ ವೈರ್ ಚುಚ್ಚಬೇಡಿ. ತಪ್ಪಿದರೆ ಇ.ಸಿ.ಯು.ಗೇ ಪೆಟ್ಟು.

ಕೋಡ್ ಬಂದ ಕೂಡಲೇ ಅಳಿಸಲು ಬಿಡಬೇಡಿ. ಮೊದಲು ಮೊಬೈಲಲ್ಲಿ ಫೋಟೊ ಹೊಡ್ಕೊಳ್ಳಿ. ಕೋಡ್ ಬಂದಾಗ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡಲ್ಲಿತ್ತು ಅನ್ನೋ ದಾಖಲೆ ಎಷ್ಟೋ ಗಾಡಿಗಳಲ್ಲಿ ಇರುತ್ತೆ. ಕೋಡ್ ಅಳಿಸಿದರೆ ಅದೂ ಹೋಗುತ್ತೆ.

ನಮ್ಮ ಕಡೆ ಸೆನ್ಸರ್‌ಗಿಂತ ಮೊದಲು ಹಾಳಾಗೋದು ಏನು?

ಬಳ್ಳಾರಿ ಬಿಸಿಲು ನಿಮಗೆ ಹೇಳಬೇಕಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ. ಹತ್ತು-ಹದಿನೈದು ವರ್ಷ ಆ ಬಿಸಿ ಉಂಡ ವೈರಿನ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತೆ. ಕಪ್ಲರಿನ ಲಾಕ್ ಮುರಿದು ಸಡಿಲ ಆಗುತ್ತೆ. ಗಾಳಿ ಪೈಪಿನ ರಬ್ಬರ್ ಬಿರುಕು ಬಿಡುತ್ತೆ. ಮೇಲಿಂದ ಎರೆ ಹೊಲದ ಧೂಳು, ತೋರಣಗಲ್ಲು-ಸಂಡೂರು ಕಡೆ ಓಡಾಡಿದರೆ ಕೆಂಪು ಧೂಳು, ಕಣದಲ್ಲಿ ಭತ್ತದ ಹೊಟ್ಟು.

ಇನ್ನು ಇಲಿ. ಭತ್ತ ಕೊಯ್ದ ಮೇಲೆ ಗದ್ದೆಯ ಇಲಿಗೆ ತಿನ್ನೋಕೆ, ಅಡಗೋಕೆ ಜಾಗ ಬೇಕು. ರಾತ್ರಿ ಬೆಚ್ಚಗಿರೋ ಎಂಜಿನ್ ಅದಕ್ಕೆ ಒಳ್ಳೆ ಗೂಡು. ಕಣದ ಪಕ್ಕ, ಚೀಲದ ರಾಶಿ ಪಕ್ಕ ಕಾರು ನಿಲ್ಲಿಸಿದ್ದರೆ, ಬೆಳಿಗ್ಗೆ ಲೈಟ್ ಹತ್ತಿದ್ದರೆ, ಸ್ಕ್ಯಾನರ್‌ಗಿಂತ ಮೊದಲು ಟಾರ್ಚ್ ಹಿಡೀರಿ. ಹೊಟ್ಟು, ಹಿಕ್ಕೆ, ಕಚ್ಚಿದ ಗುರುತು ಕಂಡರೆ ಆ ಕಡೆಯ ವೈರನ್ನೆಲ್ಲ ಬೆರಳಲ್ಲಿ ಸವರಿ ನೋಡಿ. ತಂಬಾಕಿನ ಎಲೆ ಇಟ್ಟರೆ ಇಲಿ ಬರಲ್ಲ ಅಂತ ಬಹಳ ಜನ ಇಡ್ತಾರೆ. ಇಡೋದಾದ್ರೆ ಇಡಿ, ಅದನ್ನೇ ನಂಬಿ ಕೂರಬೇಡಿ. ಗಾಡಿ ನಿಲ್ಲಿಸೋ ಜಾಗ ಬದಲಾಯಿಸೋದೇ ಮೇಲು.

ಇನ್ನೊಂದು ನಮ್ಮದೇ ಕೆಲಸ. ಕಾಲುವೆ ಹತ್ತಿರ ಗಾಡಿ ನಿಲ್ಲಿಸಿ ಪವರ್ ಸ್ಪ್ರೇಯರ್ ಪಂಪಿನಿಂದಲೇ ಎಂಜಿನ್‌ಗೆ ನೀರು ಹೊಡೆಯೋದು. ಔಷಧಿ ಹೊಡೆದ ಪಂಪು ಅಂದ್ರೆ ಅದರಲ್ಲಿ ಉಪ್ಪಿನ ಅಂಶ ಬೇರೆ ಉಳಿದಿರುತ್ತೆ. ನೀರು ಕಪ್ಲರ್ ಒಳಗೆ ಹೋಗಿ ಪಿನ್‌ಗಳು ಹಸಿರು ಹಿಡಿಯುತ್ತವೆ. ತೊಳೆದ ಮಾರನೇ ದಿನದಿಂದಲೇ ಎಂಜಿನ್ ಮಿಸ್ ಹೊಡಿತಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕೋದು ಬೇಡ.

ಮೊದಲ ಅರ್ಧ ಗಂಟೆ ಕೆಲಸ

ಡಿಜಿಟಲ್ ಮಲ್ಟಿಮೀಟರ್ ಒಂದು ಇರಲಿ. ಬೋರ್‌ವೆಲ್ ಸ್ಟಾರ್ಟರ್ ನೋಡೋಕೆ ಬಹಳ ಮನೆಗಳಲ್ಲಿ ಇದ್ದೇ ಇರುತ್ತೆ, ಅದೇ ಸಾಕು.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.5 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬೀಳುತ್ತಿದ್ದರೆ ಮೊದಲು ಬ್ಯಾಟರಿ ನೋಡಿ. ವೋಲ್ಟೇಜ್ ಕುಸಿದಾಗ ಇ.ಸಿ.ಯು. ಏನೇನೋ ಕೋಡ್ ಬರೆಯುತ್ತೆ. ಆಮೇಲೆ ಅರ್ತಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಒಂದೇ ಸಲ ಮೂರು-ನಾಲ್ಕು ಬೇರೆ ಬೇರೆ ಸೆನ್ಸರಿನ ಕೋಡ್ ಬಂದಿದ್ದರೆ ಅಷ್ಟೂ ಸೆನ್ಸರ್ ಒಟ್ಟಿಗೆ ಸತ್ತಿರೋದು ಅಪರೂಪ. ಅರ್ತಿಂಗ್, ಫ್ಯೂಸ್ ಅಥವಾ ಅವಕ್ಕೆಲ್ಲ ಸೇರಿ ಹೋಗೋ 5 ವೋಲ್ಟಿನ ವೈರು, ಇವುಗಳಲ್ಲಿ ಒಂದನ್ನು ಅನುಮಾನಿಸಿ.

ಬಳಿಕ ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್‌ವರೆಗಿನ ಪೈಪು, ಸಣ್ಣ ಸಣ್ಣ ರಬ್ಬರ್ ಟ್ಯೂಬುಗಳು. ಬಗ್ಗಿಸಿ ನೋಡಿ, ಬಿರುಕು ನೇರ ನೋಡಿದರೆ ಕಾಣಲ್ಲ. ಕೊನೆಗೆ ಕೋಡ್ ಹೇಳಿದ ಸೆನ್ಸರಿನ ಕಪ್ಲರ್ ಬಿಚ್ಚಿ ಪಿನ್ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಟಕ್ ಅಂತ ಸದ್ದು ಬರೋವರೆಗೆ ಒತ್ತಿ ಕೂರಿಸಿ. ಕಪ್ಲರ್ ಬಿಚ್ಚುವಾಗ ಚಾವಿ ಆಫ್ ಇರಲಿ. ಸುಮಾರು ಗಾಡಿಗಳು ಇಲ್ಲಿಗೇ ಸರಿ ಹೋಗುತ್ತವೆ.

ಕೂಲೆಂಟ್ ಸೆನ್ಸರ್: ಮನೆಯಲ್ಲೇ ಪರೀಕ್ಷೆ ಮಾಡಬಹುದು

ಎಂಜಿನ್ ನೀರಿನ ಬಿಸಿ ಅಳೆಯೋ ಈ ಸೆನ್ಸರ್ ಕೈಕೊಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗೋದು ಕಷ್ಟ, ಕರಿ ಹೊಗೆ, ಮೈಲೇಜ್ ಕಮ್ಮಿ. ಚಾವಿ ಹಾಕಿದ ಕೂಡಲೇ ರೇಡಿಯೇಟರ್ ಫ್ಯಾನ್ ಸುಮ್ನೆ ತಿರುಗ್ತಾನೇ ಇರೋದೂ ಉಂಟು. ಕೋಡ್ ಸಾಮಾನ್ಯವಾಗಿ ಪಿ 0117 ಅಥವಾ ಪಿ 0118. ಎರಡೂ ಒಂದೇ ಸೆನ್ಸರಿನದು ಅಂತ ಗ್ಯಾರೇಜಲ್ಲಿ ಒಂದೇ ಥರ ನೋಡ್ತಾರೆ. ಆದರೆ 0118 ಅಂದರೆ ಸಿಗ್ನಲ್ ವೋಲ್ಟೇಜ್ ಜಾಸ್ತಿ, ಅಂದರೆ ಎಲ್ಲೋ ದಾರಿ ಕಡಿದಿದೆ: ವೈರ್ ತುಂಡಾಗಿದೆ, ಕಪ್ಲರ್ ಬಿಚ್ಚಿಕೊಂಡಿದೆ ಅಥವಾ ಸೆನ್ಸರ್ ಒಳಗೆ ಕಟ್ ಆಗಿದೆ. 0117 ಅಂದರೆ ವೋಲ್ಟೇಜ್ ಕಮ್ಮಿ, ಎಲ್ಲೋ ವೈರ್ ಬಾಡಿಗೆ ತಾಗಿ ಶಾರ್ಟ್ ಆಗಿದೆ ಅಥವಾ ಸೆನ್ಸರ್ ಒಳಗೇ ಶಾರ್ಟ್ ಆಗಿದೆ.

ಸೆನ್ಸರ್ ತಪ್ಪೋ ವೈರ್ ತಪ್ಪೋ ಅಂತ ತಿಳಿಯೋಕೆ ಒಂದು ಸುಲಭ ದಾರಿ ಇದೆ. ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆಗೆದು ಕೂಲೆಂಟ್ ಉಷ್ಣಾಂಶ ನೋಡ್ತಾ ಇರಿ. ಕಪ್ಲರ್ ಬಿಚ್ಚಿದಾಗ ಬಹಳಷ್ಟು ಗಾಡಿಗಳಲ್ಲಿ ಅದು ಮೈನಸ್ 40 ಡಿಗ್ರಿ ಹತ್ತಿರ ತೋರಿಸುತ್ತೆ. ಈಗ ಕಪ್ಲರಿನ ಎರಡು ಪಿನ್‌ಗಳನ್ನು ಒಂದು ಸಣ್ಣ ವೈರಿನಿಂದ ಜೋಡಿಸಿ, ನೂರು ಡಿಗ್ರಿ ದಾಟಿ ಮೇಲಕ್ಕೆ ಹಾರಬೇಕು. ಹಾರಿದರೆ ವೈರು, ಇ.ಸಿ.ಯು. ಎರಡೂ ಚೆನ್ನಾಗಿವೆ, ಸೆನ್ಸರೇ ತಪ್ಪು. ಏನೂ ಬದಲಾಗದಿದ್ದರೆ ಹೊಸ ಸೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ, ವೈರ್ ಹುಡುಕಿ. ಕೆಲವು ಇ.ಸಿ.ಯು.ಗಳು ಕೋಡ್ ಬಂದ ತಕ್ಷಣ ನಿಜವಾದ ಅಳತೆ ಬಿಟ್ಟು ಒಂದು ಅಂದಾಜು ಸಂಖ್ಯೆ ತೋರಿಸುತ್ತವೆ. ಹಂಗಿದ್ದರೆ ಕೋಡ್ ಫೋಟೊ ತೆಗೆದುಕೊಂಡು, ಅಳಿಸಿ, ಮತ್ತೆ ನೋಡಿ. ಈ ಜೋಡಿಸೋ ಪರೀಕ್ಷೆ ಎರಡು ವೈರಿನ ಉಷ್ಣಾಂಶ ಸೆನ್ಸರಿಗೆ ಮಾತ್ರ. ಮೂರು ವೈರಿನ ಸೆನ್ಸರಲ್ಲಿ 5 ವೋಲ್ಟ್ ಸಪ್ಲೈ ಇರುತ್ತೆ, ಅಲ್ಲಿ ಜೋಡಿಸಲೇಬಾರದು.

ಸ್ಕ್ಯಾನರ್ ಇಲ್ಲದಿದ್ದರೆ ಸೆನ್ಸರ್ ಬಿಚ್ಚಿ, ಮೀಟರನ್ನು ಓಮ್‌ನಲ್ಲಿಟ್ಟು, ಅದರ ಲೋಹದ ತುದಿಯನ್ನು ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್ ಇದ್ದದ್ದು ನೀರು ಕಾಯ್ತಾ ಕಾಯ್ತಾ ಇಳಿದು 80 ಡಿಗ್ರಿಗೆ ಸುಮಾರು 300ಕ್ಕೆ ಬರಬೇಕು. ಗಾಡಿಯಿಂದ ಗಾಡಿಗೆ ಅಂಕಿ ಸ್ವಲ್ಪ ಬೇರೆ ಇರುತ್ತೆ. ಮುಖ್ಯ ಏನಂದ್ರೆ ನಡುವೆ ಎಲ್ಲೂ ಜಿಗಿಯದೆ ಒಂದೇ ಸಮನೆ ಇಳಿಯಬೇಕು.

ಇನ್ನೂ ಸುಲಭದ್ದೊಂದಿದೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಚಾವಿ ಮಾತ್ರ ಆನ್ ಮಾಡಿ. ಲೈವ್ ಡೇಟಾದಲ್ಲಿ ಕೂಲೆಂಟ್ ಉಷ್ಣಾಂಶ, ಒಳಗೆ ಬರೋ ಗಾಳಿಯ ಉಷ್ಣಾಂಶ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು, ಅವತ್ತಿನ ಹವೆಗೂ ಹೊಂದಬೇಕು. ಹೊರಗೆ ಚಳಿಗೆ 18 ಇದ್ದು, ಕೂಲೆಂಟ್ ಮಾತ್ರ 45 ಅಂದ್ರೆ ಆ ಸೆನ್ಸರ್ ಸುಳ್ಳು ಹೇಳ್ತಿದೆ.

ನಮ್ಮ ಕಡೆಯ ಒಂದು ದುರಭ್ಯಾಸದ ಬಗ್ಗೆ ಇಲ್ಲೇ ಹೇಳಬೇಕು. "ಬಳ್ಳಾರಿ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ?" ಅಂತ ಅದನ್ನು ತೆಗೆದು ಬಿಸಾಕಿಸೋರಿದ್ದಾರೆ. ಇ.ಸಿ.ಯು. ಇರೋ ಗಾಡಿಯಲ್ಲಿ ಹಿಂಗೆ ಮಾಡಿದರೆ ಎಂಜಿನ್ ಸರಿಯಾದ ಬಿಸಿಗೆ ಬರಲ್ಲ, "ಇನ್ನೂ ತಣ್ಣಗೈತೆ" ಅಂದುಕೊಂಡು ಇ.ಸಿ.ಯು. ಪೆಟ್ರೋಲ್ ಜಾಸ್ತಿ ಬಿಡ್ತಾ ಹೋಗುತ್ತೆ. ಪಿ 0128 ಕೋಡ್ ಬಂದಾಗ ಸೆನ್ಸರ್ ಮೇಲೆ ತಪ್ಪು ಹೊರಿಸೋ ಮೊದಲು ಥರ್ಮೋಸ್ಟಾಟ್ ಒಳಗಿದೆಯಾ ಅಂತ ಕೇಳಿ. ಇಲ್ಲಿ ನೀರುಗಂಟಿ ನಿಜಾನೇ ಹೇಳ್ತಿದ್ದಾನೆ.

ಬಿಸಿಲಲ್ಲಿ ನಿಂತು ಬಿಡೋ ಗಾಡಿ: ಕ್ರ್ಯಾಂಕ್ ಸೆನ್ಸರ್

ಮೇಲಿನದ್ದೆಲ್ಲ ಮೈಲೇಜ್, ಹೊಗೆಯ ವಿಷಯ. ಇದು ದಾರಿ ಮಧ್ಯೆ ಕೂರಿಸೋ ವಿಷಯ. ಬಳ್ಳಾರಿ ಬಿಟ್ಟು ಸಿರುಗುಪ್ಪ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಚೆನ್ನಾಗಿ ಓಡಿದ ಗಾಡಿ ಸ್ವಿಚ್ ಆಫ್ ಮಾಡಿದಂಗೆ ನಿಂತು ಹೋಗುತ್ತೆ. ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಅರ್ಧ ಗಂಟೆ ಮರದ ನೆರಳಲ್ಲಿ ಕೂತು ಚಾ ಕುಡಿದು ಬಂದರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತೆ. ಗ್ಯಾರೇಜಿಗೆ ಹೋದಾಗ ತಣ್ಣಗಾಗಿರುತ್ತೆ, ಅಲ್ಲಿ ಯಾವ ದೋಷವೂ ಕಾಣಲ್ಲ. ಹಂಗಾಗಿ ಪಂಪ್ ಬದಲಿಸು, ಕಾಯಿಲ್ ಬದಲಿಸು ಅಂತ ಖರ್ಚು ಬೆಳೆಯುತ್ತೆ.

ಎಂಜಿನ್ ಎಲ್ಲಿ ತಿರುಗಿದೆ ಅಂತ ಹೇಳೋದು ಕ್ರ್ಯಾಂಕ್ ಸೆನ್ಸರ್. ಅದು ಬಾಯಿ ಮುಚ್ಚಿದರೆ ಇ.ಸಿ.ಯು. ಕಿಡಿಯನ್ನೂ ಕೊಡಲ್ಲ, ಇಂಧನವನ್ನೂ ಕೊಡಲ್ಲ. ಹಳೇದಾದಾಗ ಒಳಗಿನ ಸುರುಳಿ ಅಥವಾ ಬೆಸುಗೆ ಬಿಸಿಗೆ ಬಿಟ್ಟುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತೆ. ಆದ್ದರಿಂದ ಪರೀಕ್ಷೆ ನಿಂತ ಜಾಗದಲ್ಲೇ, ಬಿಸಿ ಇದ್ದಾಗಲೇ ಆಗಬೇಕು. ಸೆಲ್ಫ್ ಹೊಡೆಯುವಾಗ ಲೈವ್ ಡೇಟಾದಲ್ಲಿ ಆರ್.ಪಿ.ಎಂ. ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆಯೇ ಇದ್ದರೆ ಅನುಮಾನ ಅಲ್ಲೇ. 200ರ ಆಸುಪಾಸು ಬರುತ್ತಿದ್ದರೆ ಕ್ರ್ಯಾಂಕ್ ಸೆನ್ಸರ್ ಮಾತಾಡುತ್ತಿದೆ, ಪೆಟ್ರೋಲ್ ಪಂಪು, ರಿಲೇ ಕಡೆ ನೋಡಿ. ಸೆನ್ಸರ್ ಕೈಗೆ ಸಿಗೋ ಜಾಗದಲ್ಲಿದ್ದರೆ ಎಂಜಿನ್ ಆಫ್ ಮಾಡಿ, ಬೆಲ್ಟು, ಸೈಲೆನ್ಸರ್ ಪೈಪು ತಾಗದಂತೆ ಅದರ ಮೇಲೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ತಣಿಸಿ. ಆಮೇಲೆ ಸ್ಟಾರ್ಟ್ ಆದರೆ ಬಹುತೇಕ ಖಾತ್ರಿ ಆದಂಗೆ.

ಎರಡು ವೈರಿನ ಮಾದರಿಯಾದರೆ ಓಮ್ ಅಳೆಯಬಹುದು. ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರ ಚಿಲ್ಲರೆ ಓಮ್ ಇರುತ್ತೆ. ತಣ್ಣಗಿದ್ದಾಗ ಒಂದು ಸಲ, ಬಿಸಿಯಾದಾಗ ಒಂದು ಸಲ ಅಳೆಯಿರಿ. ಬಿಸಿಯಲ್ಲಿ ಮೀಟರ್ ದಾರಿಯೇ ಇಲ್ಲ ಅಂತ ತೋರಿಸಿದರೆ ಸೆನ್ಸರ್ ಹೋಗಿದೆ. ಮೂರು ವೈರಿನ ಹಾಲ್ ಮಾದರಿಯನ್ನು ಓಮ್‌ನಿಂದ ಅಳೆಯೋಕಾಗಲ್ಲ. ಅದಕ್ಕೆ ಸಪ್ಲೈ ಮತ್ತು ಅರ್ತ್ ಬರುತ್ತಿದೆಯಾ ನೋಡಿ, ಮುಂದಿನದ್ದನ್ನು ಗೊತ್ತಿರೋ ಮೆಕ್ಯಾನಿಕ್‌ಗೆ ಬಿಡಿ.

"ಗಣಿ ಧೂಳಿನ ಕಬ್ಬಿಣ ಸೆನ್ಸರಿನ ಅಯಸ್ಕಾಂತಕ್ಕೆ ಅಂಟಿ ಹಾಳಾಗೈತೆ" ಅನ್ನೋ ಮಾತು ನಮ್ಮ ಜಿಲ್ಲೆಯಲ್ಲಿ ಕೇಳಿಬರುತ್ತೆ. ಸಂಡೂರಿನ ಅದಿರು ಹೆಚ್ಚಿನದು ಹೆಮಟೈಟ್, ಅದು ಅಯಸ್ಕಾಂತಕ್ಕೆ ಅಷ್ಟೇನೂ ಅಂಟಲ್ಲ. ಸೆನ್ಸರ್ ತುದಿಯಲ್ಲಿ ಮೀಸೆಯಂತೆ ಅಂಟಿರೋ ಪುಡಿ ಹೆಚ್ಚಾಗಿ ಗಾಡಿಯ ಒಳಗಿನದೇ, ರಿಂಗ್ ಗೇರ್ ಸವೆದದ್ದು. ಒರೆಸಿ ಹಾಕಿದರೆ ಕೆಲವೊಮ್ಮೆ ಅಷ್ಟಕ್ಕೇ ಸರಿ ಹೋಗುತ್ತೆ.

ಗಾಳಿ ಅಳೆಯುವ ಸೆನ್ಸರ್‌ಗಳು

ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರನ್ನು ಚಾವಿ ಮಾತ್ರ ಆನ್ ಮಾಡಿ ನೋಡಬೇಕು. ಆಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬಳ್ಳಾರಿ ಸಮುದ್ರಮಟ್ಟದಿಂದ ಐನೂರು ಮೀಟರಿಗೆ ಸ್ವಲ್ಪ ಕಮ್ಮಿ ಎತ್ತರದಲ್ಲಿದೆ, ಹಂಗಾಗಿ ಇಲ್ಲಿ 95-96 ಕಿಲೋಪಾಸ್ಕಲ್ ಬಂದರೆ ಸರಿ. ಪುಸ್ತಕದಲ್ಲಿ 101 ಇದೆ, ಇಲ್ಲಿ ಕಮ್ಮಿ ಬಂತು ಅಂತ ಬದಲಿಸಬೇಡಿ. ಎಂಜಿನ್ ಐಡ್ಲಿಂಗ್‌ನಲ್ಲಿ ಇದು 30-40ಕ್ಕೆ ಇಳಿಯಬೇಕು. ಇಳಿಯದೆ 60ರಲ್ಲೇ ನಿಂತರೆ ರಬ್ಬರ್ ಟ್ಯೂಬ್ ಬಿರುಕು, ಗಾಳಿ ಸೋರಿಕೆ ಹುಡುಕಿ. ಡೀಸೆಲ್ ಗಾಡಿಗೆ ಈ ಐಡ್ಲಿಂಗ್ ಲೆಕ್ಕ ಅನ್ವಯಿಸಲ್ಲ.

ಏರ್ ಫ್ಲೋ ಸೆನ್ಸರ್ ಇದ್ದರೆ ಅದರ ಒಳಗೆ ತೀರಾ ತೆಳ್ಳನೆ ತಂತಿ ಅಥವಾ ಪದರ ಇರುತ್ತೆ. ಏರ್ ಫಿಲ್ಟರ್ ಹರಿದಿದ್ದರೆ, ಸರಿಯಾಗಿ ಕೂತಿರದಿದ್ದರೆ ಧೂಳು ಅದರ ಮೇಲೆ ಕೂರುತ್ತೆ, ಪಿಕಪ್ ಬೀಳುತ್ತೆ. ಇದನ್ನು ಪೆಟ್ರೋಲ್ ಹಾಕಿ ಉಜ್ಜಬಾರದು, ಪಂಕ್ಚರ್ ಅಂಗಡಿ ಗಾಳಿ ಹೊಡೀಬಾರದು, ಬೆರಳು ತಾಗಿಸಬಾರದು. ಅದಕ್ಕೇ ಅಂತ ಮಾಸ್ ಏರ್ ಫ್ಲೋ ಕ್ಲೀನರ್ ಸ್ಪ್ರೇ ಸಿಗುತ್ತೆ. ಹೊಡೆದು, ಪೂರ್ತಿ ಒಣಗಲು ಬಿಟ್ಟು ಹಾಕಿ. ನಮ್ಮ ಧೂಳಿಗೆ ಕಂಪನಿ ಹೇಳಿದ ಅರ್ಧ ಅವಧಿಗೇ ಏರ್ ಫಿಲ್ಟರ್ ಬದಲಿಸೋದು ಒಳ್ಳೇದು.

ರೇಸ್ ಕೊಟ್ಟಾಗ ಗಾಡಿ ಜರ್ಕ್ ಹೊಡೆದರೆ ಥ್ರಾಟಲ್ ಸೆನ್ಸರ್ ನೋಡಿ. ಸಿಗ್ನಲ್ ವೈರಿನಲ್ಲಿ ಅರ್ಧ ವೋಲ್ಟ್ ಆಸುಪಾಸಿನಿಂದ ಶುರುವಾಗಿ, ಪೆಡಲ್ ಮೆಲ್ಲಗೆ ಒತ್ತಿದಂತೆ ನಡುವೆ ಬೀಳದೆ ನಾಲ್ಕು ವೋಲ್ಟ್ ದಾಟಬೇಕು.

ಆಕ್ಸಿಜನ್ ಸೆನ್ಸರ್: ಸುಮ್ಮನೆ ಬೈಸಿಕೊಳ್ಳೋದು ಜಾಸ್ತಿ

ಸೈಲೆನ್ಸರ್ ಪೈಪಿನಲ್ಲಿ ಕೂತಿರೋ ಇದು ದುಬಾರಿ, ಸಾವಿರಗಳ ಲೆಕ್ಕ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಹೇಳೋದು ಇದರ ಕೆಲಸ. ಪಿ 0171 ಅಂತ ಕೋಡ್ ಬಂದರೆ "ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ" ಅಂತ ಅರ್ಥ. ಆ ಸುದ್ದಿ ತಂದವನು ಆಕ್ಸಿಜನ್ ಸೆನ್ಸರ್, ಅಷ್ಟೇ. ಬಿರುಕು ಬಿಟ್ಟ ಗಾಳಿ ಪೈಪು, ಕಟ್ಟಿದ ಪೆಟ್ರೋಲ್ ಫಿಲ್ಟರ್, ಸೋತ ಪಂಪು, ಸೈಲೆನ್ಸರ್ ಜಾಯಿಂಟಿನ ಸೋರಿಕೆ ಇವನ್ನೆಲ್ಲ ನೋಡಿದ ಮೇಲೆ ಇದರ ಸರದಿ.

ಹಳೆ ಪೆಟ್ರೋಲ್ ಗಾಡಿಗಳ ಮಾದರಿಯಲ್ಲಿ ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್ 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಮೇಲೆ-ಕೆಳಗೆ ಆಡ್ತಾ ಇರಬೇಕು. ಒಂದೇ ಕಡೆ ನಿಂತಿದ್ದರೆ ಥ್ರಾಟಲ್ ಆಚೆ ಎಂಜಿನ್‌ಗೆ ಹೋಗೋ ಒಂದು ಸಣ್ಣ ರಬ್ಬರ್ ಟ್ಯೂಬನ್ನು ಸ್ವಲ್ಪ ಹೊತ್ತು ಬಿಚ್ಚಿ ನೋಡಿ. ಗಾಳಿ ಒಳಗೆ ಹೋದ ಕ್ಷಣ ವೋಲ್ಟ್ ಕೆಳಗೆ ಬಿದ್ದರೆ ಸೆನ್ಸರ್ ಬದುಕಿದೆ. ಬಿಚ್ಚೋದಾದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದು, ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ತೆಗೆಯಿರಿ. ತೀರಾ ತಣ್ಣಗಿದ್ದರೆ ಚೂಡಿ ಕಿತ್ತು ಬರುತ್ತೆ. ಹೊಸದರ ತುದಿಗೆ ಗ್ರೀಸ್, ಸಿಲಿಕೋನ್ ಏನೂ ತಾಗಬಾರದು. ಸೆನ್ಸರ್ ರಗಳೆಯೇ ಬೇಡ ಅಂತ ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ ತೆಗೆಸೋ ಸಲಹೆ ಕೊಡೋರ ಮಾತು ಕೇಳಬೇಡಿ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳ್ತೀರಿ.

ಕಾಮನ್ ರೈಲ್ ಡೀಸೆಲ್ ಇದ್ದರೆ ಎಚ್ಚರ

ಡೀಸೆಲ್ ಗಾಡಿಯಲ್ಲಿ ರೈಲ್ ಪ್ರೆಷರ್ ಕೋಡ್ ಬಂದರೆ ಮೊದಲು ಡೀಸೆಲ್ ಫಿಲ್ಟರಿನ ನೀರು ಬಿಡಿ, ಫಿಲ್ಟರ್ ಹಳೇದಾಗಿದ್ದರೆ ಬದಲಿಸಿ. ಕ್ಯಾನಿನಲ್ಲಿ ತಂದು ಸುರಿದ ಡೀಸೆಲ್‌ನಲ್ಲಿ ಕಸ, ನೀರು ಇರೋದು ಸಾಮಾನ್ಯ. ಕಪ್ಲರ್, ವೈರು ನೋಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆ ಉಕ್ಕಿನ ಸಣ್ಣ ಪೈಪುಗಳಲ್ಲಿ ಸಾವಿರ ಬಾರ್‌ಗಿಂತ ಹೆಚ್ಚಿನ ಒತ್ತಡ ಇರಬಹುದು. ಎಂಜಿನ್ ಓಡುವಾಗ ನಟ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಬೆರಳು ಕತ್ತರಿಸೋ ಹಂತಕ್ಕೂ ಹೋಗಬಹುದು. ಹಳೆ ಪಂಪಿನ ಡೀಸೆಲ್ ಎಂಜಿನ್‌ನಲ್ಲಿ ಏರ್ ತೆಗೆದ ಅನುಭವ ಇರೋರೇ ಇಲ್ಲಿ ಏಟು ತಿನ್ನೋದು.

ಸೆನ್ಸರೇ ಕೆಟ್ಟಿದೆ ಅಂತ ಖಾತ್ರಿಯಾದರೆ

ಹಳೆ ಸೆನ್ಸರಿನ ಮೈ ಮೇಲೆ ಇರೋ ಪಾರ್ಟ್ ನಂಬರ್ ಒರೆಸಿ ಓದಿ, ಅದನ್ನೇ ಕೇಳಿ. "ಇದೂ ಕೂರುತ್ತೆ" ಅಂತ ಕೊಟ್ಟದ್ದು ಕೂರುತ್ತೆ, ಆದರೆ ಒಳಗಿನ ಅಳತೆ ಬೇರೆ ಇರುತ್ತೆ. ಕೂಲೆಂಟ್ ಸೆನ್ಸರ್ ಕೆಲವು ನೂರು ರೂಪಾಯಿಯದು, ಅಲ್ಲಿ ಉಳಿಸಲು ಹೋಗಬೇಡಿ, ಕಂಪನಿಯದ್ದೇ ತಗೊಳ್ಳಿ. ಗುಜರಿ ಅಂಗಡಿಯ ಸೆನ್ಸರನ್ನು ಪರೀಕ್ಷೆಗೆ ಹಾಕಿ ನೋಡಲು ಬಳಸಬಹುದು. ಕ್ರ್ಯಾಂಕ್ ಸೆನ್ಸರ್ ಮಾತ್ರ ಗುಜರಿಯದು ಬೇಡ, ಅದೂ ಅಷ್ಟೇ ವರ್ಷ ಬಿಸಿ ಉಂಡಿರುತ್ತೆ. ಬಿಲ್ ಕೇಳಿ, ಬಿಚ್ಚಿದ ಹಳೇದನ್ನು ವಾಪಸ್ ಇಸ್ಕೊಳ್ಳಿ.

ಕೂರಿಸುವಾಗ ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು. ಕೂಲೆಂಟ್ ಸೆನ್ಸರ್ ಆದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬಿಸಿಯಲ್ಲಿ ರೇಡಿಯೇಟರ್ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರು ಕಮ್ಮಿ ಇಲ್ಲ. ಕ್ರ್ಯಾಂಕ್ ಸೆನ್ಸರಿನ ರಬ್ಬರ್ ರಿಂಗ್‌ಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಕೈಯಲ್ಲೇ ಒತ್ತಿ ಕೂರಿಸಿ, ಸುತ್ತಿಗೆ ಬೇಡ. ಇಲಿ ಕಡಿದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲ ಬರಲ್ಲ. ಬೆಸುಗೆ ಹಾಕಿ ಶ್ರಿಂಕ್ ಟ್ಯೂಬ್ ಹಾಕಿಸಿ. ಕ್ರ್ಯಾಂಕ್ ಸೆನ್ಸರ್ ವೈರಿನ ಸುತ್ತ ಜಾಲರಿ ಇದ್ದರೆ ಅದನ್ನೂ ಮೊದಲಿದ್ದಂತೆ ಜೋಡಿಸಬೇಕು.

ದಾರಿಯಲ್ಲಿ ಲೈಟ್ ಹತ್ತಿದಾಗ ಒಂದು ಗುರುತು: ಓ.ಬಿ.ಡಿ.-2 ಇರೋ ಪೆಟ್ರೋಲ್ ಗಾಡಿಯಲ್ಲಿ ಹಳದಿ ಲೈಟ್ ಸುಮ್ಮನೆ ಉರಿಯುತ್ತಿದ್ದು, ಗಾಡಿ ಚೆನ್ನಾಗಿ ಓಡ್ತಿದ್ದು, ಬಿಸಿ ಮುಳ್ಳು ನಡುವಲ್ಲಿದ್ದರೆ ಮನೆವರೆಗೆ ನಿಧಾನವಾಗಿ ಹೋಗಬಹುದು. ಲೈಟ್ ಮಿನುಗುತ್ತಿದ್ದರೆ ಎಂಜಿನ್ ಮಿಸ್ ಹೊಡಿತಿದೆ, ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗ್ತಿದೆ ಅಂತ ಅರ್ಥ, ಪಕ್ಕಕ್ಕೆ ನಿಲ್ಲಿಸಿ. ಬಿಸಿ ಮುಳ್ಳು ಮೇಲಕ್ಕೆ ಹೋದರೆ, ಕೆಂಪು ಆಯಿಲ್ ಲೈಟ್ ಹತ್ತಿದರೆ ಒಂದು ಫರ್ಲಾಂಗ್ ಕೂಡ ಮುಂದೆ ಹೋಗಬೇಡಿ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಗ್ಯಾರೇಜ್ ಬಾಗಿಲಲ್ಲೇ ದುಡ್ಡು ಕೊಟ್ಟು ಮುಗಿಸಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಇಪ್ಪತ್ತು-ಮೂವತ್ತು ಕಿಲೋಮೀಟರ್ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ವಾಪಸ್ ಬಂದು ಇನ್ನೊಂದು ಸಲ ಸ್ಕ್ಯಾನರ್ ಹಚ್ಚಿಸಿ. ಕೆಲವು ಕೋಡ್‌ಗಳು ಲೈಟ್ ಹತ್ತಿಸೋ ಮೊದಲು ಒಂದೆರಡು ಓಡಾಟ ಸುಮ್ಮನೆ ಒಳಗೇ ಕೂತಿರುತ್ತವೆ, ಸ್ಕ್ಯಾನರಿನಲ್ಲಿ ಅವಕ್ಕೆ 'ಪೆಂಡಿಂಗ್' ಅಂತ ಬೇರೆ ಪಟ್ಟಿ ಇರುತ್ತೆ. ಅದನ್ನೂ ತೆಗೆದು ತೋರಿಸಲು ಹೇಳಿ.